ನ್ಯೂಕ್ಲಿಯಸ್‌ನಲ್ಲಿ ಎಲೆಕ್ಟ್ರಾನೇ ಇಲ್ಲ, ಹಾಗಾದರೆ ಬೀಟಾ ಕಣ ಎಲ್ಲಿಂದ ಬರುತ್ತದೆ?

ಬೀಟಾ ಕಣ ಅಂದರೆ ಎಲೆಕ್ಟ್ರಾನ್. ಅದು ನ್ಯೂಕ್ಲಿಯಸ್‌ನಿಂದ ಬರುತ್ತದೆ ಅಂತ ಪಾಠದಲ್ಲಿದೆ. ಆದರೆ ಅಲ್ಲಿರುವುದು ಪ್ರೋಟಾನ್, ನ್ಯೂಟ್ರಾನ್ ಮಾತ್ರ ಅಲ್ವಾ? ನಿಮ್ಮ ಅನುಮಾನ ಸರಿಯಾಗಿಯೇ ಇದೆ.

ಆ ಎಲೆಕ್ಟ್ರಾನ್ ಒಳಗೆ ಮೊದಲೇ ಇರಲಿಲ್ಲ, ಆ ಕ್ಷಣದಲ್ಲಿ ಹೊಸದಾಗಿ ಹುಟ್ಟುತ್ತದೆ. ಚಪ್ಪಾಳೆಯ ಸದ್ದು ಅಂಗೈಯೊಳಗೆ ಮೊದಲೇ ಕೂತಿರುವುದಿಲ್ಲವಲ್ಲ, ಹಾಗೆ.

ನ್ಯೂಟ್ರಾನ್‌ನಲ್ಲಿ ಕ್ವಾರ್ಕ್ ಎಂಬ ಇನ್ನೂ ಚಿಕ್ಕ ಕಣಗಳಿವೆ: ಒಂದು ಅಪ್ ಕ್ವಾರ್ಕ್, ಎರಡು ಡೌನ್ ಕ್ವಾರ್ಕ್. ದುರ್ಬಲ ಬಲದಿಂದಾಗಿ (ಇದು ಪ್ರಕೃತಿಯ ಮೂಲಭೂತ ಬಲಗಳಲ್ಲಿ ಒಂದು) ಒಂದು ಡೌನ್ ಕ್ವಾರ್ಕ್ ಅಪ್ ಆಗಿಬಿಡುತ್ತದೆ. −1/3 ಇದ್ದ ಚಾರ್ಜ್ +2/3 ಆಗುತ್ತದೆ. ನ್ಯೂಟ್ರಾನ್ ಈಗ ಪ್ರೋಟಾನ್! ಒಟ್ಟು ಚಾರ್ಜ್ ಬದಲಾಗುವಂತಿಲ್ಲ. ಅದಕ್ಕೇ −1 ಚಾರ್ಜಿನ ಎಲೆಕ್ಟ್ರಾನ್ ಹುಟ್ಟಿ ಹೊರಗೆ ಹಾರುತ್ತದೆ. ಕಾರ್ಬನ್-14 ನೈಟ್ರೋಜನ್-14 ಆಗುವುದು ಹೀಗೆಯೇ. ಕಾರ್ಬನ್-14ರ ಅರ್ಧಾಯುಷ್ಯ, ಅಂದರೆ ಅರ್ಧದಷ್ಟು ಪರಮಾಣುಗಳು ಹೀಗೆ ಬದಲಾಗಲು ಬೇಕಾದ ಸಮಯ, ಸುಮಾರು 5,730 ವರ್ಷ.

ನನಗೆ ಜಾಸ್ತಿ ಇಷ್ಟವಾದ ಭಾಗ ಮುಂದಿನದು. ಬೀಟಾ ಎಲೆಕ್ಟ್ರಾನ್‌ಗಳ ಶಕ್ತಿ ಒಂದೇ ಸಮ ಇರುವುದಿಲ್ಲ, ಕೆಲವಕ್ಕೆ ಹೆಚ್ಚು, ಕೆಲವಕ್ಕೆ ಕಡಿಮೆ. ಆದರೆ ಒಂದೇ ಬಗೆಯ ನ್ಯೂಕ್ಲಿಯಸ್ ಪ್ರತಿ ಸಲ ಬಿಡುವ ಒಟ್ಟು ಶಕ್ತಿ ಒಂದೇ. ಉಳಿದ ಶಕ್ತಿ ಎಲ್ಲಿ ಹೋಯಿತು? ಚಾರ್ಜ್ ಇಲ್ಲದ, ಸುಲಭಕ್ಕೆ ಸಿಗದ ಕಣವೊಂದು ಅದನ್ನು ಒಯ್ಯುತ್ತಿರಬೇಕು ಎಂದು 1930ರಲ್ಲಿ ಭೌತವಿಜ್ಞಾನಿ ವುಲ್ಫ್‌ಗಾಂಗ್ ಪೌಲಿ ಊಹಿಸಿದರು. 1956ರಲ್ಲಿ ವಿಜ್ಞಾನಿಗಳಾದ ಕೋವನ್ ಮತ್ತು ರೈನ್ಸ್ ಅಮೆರಿಕದ ಪರಮಾಣು ರಿಯಾಕ್ಟರ್ ಒಂದರ ಬಳಿ ಅದನ್ನು ಪತ್ತೆ ಮಾಡಿದರು. ಅದೇ ಆಂಟಿನ್ಯೂಟ್ರಿನೋ. ಇದೇ ಬಳಗದ, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋಗಳ ಗುರುತು 1965ರಲ್ಲಿ ನಮ್ಮ ಕೋಲಾರದ ಚಿನ್ನದ ಗಣಿಯ ಆಳದಲ್ಲೂ ಸಿಕ್ಕಿತು. ಎಷ್ಟು ಹೆಮ್ಮೆಯ ವಿಷಯ!

ಪರೀಕ್ಷೆಯಲ್ಲಿ ಬೀಟಾ ಕ್ಷಯದ, ಅಂದರೆ ನ್ಯೂಟ್ರಾನ್ ಹೀಗೆ ಪ್ರೋಟಾನ್ ಆಗುವ ಕ್ರಿಯೆಯ, ಸಮೀಕರಣ ಬರೆಯುವಾಗ ಆಂಟಿನ್ಯೂಟ್ರಿನೋವನ್ನು ಬಿಡಬೇಡಿ.