ಮೊಗ್ಗಿನ ಜಡೆಯ ಫೋಟೋ

ಆತ ಸಲಹೆ ಕೇಳಲು ನನ್ನ ಹತ್ತಿರ ಬಂದಿದ್ದು ಹೆಂಡತಿ ತವರಿಗೆ ಹೋದ ನಾಲ್ಕನೇ ದಿನ. (ಗುರುತು ಸಿಗಬಾರದು ಅಂತ ಊರು, ವಯಸ್ಸು, ಕೆಲಸ ಎಲ್ಲ ಬದಲಿಸಿದ್ದೇನೆ. ಇಬ್ಬರನ್ನೂ ಕೇಳಿಯೇ ಬರೆಯುತ್ತಿದ್ದೇನೆ.) ಕೂತವರು ಮಾತೇ ಆಡಲಿಲ್ಲ. ಬ್ಯಾಗಿನಿಂದ ಒಂದು ಹಳೇ ಸ್ಟುಡಿಯೋ ಫೋಟೋ ತೆಗೆದು ಮೇಜಿನ ಮೇಲಿಟ್ಟರು. ನಾಲ್ಕು ವರ್ಷದ ಹುಡುಗನಿಗೆ ರೇಷ್ಮೆ ಲಂಗ ಉಡಿಸಿ, ಮೊಗ್ಗಿನ ಜಡೆ ಹಾಕಿ, ಜಡೆ ಕಾಣಲಿ ಅಂತ ಹಿಂದೆ ಕನ್ನಡಿ ನಿಲ್ಲಿಸಿ ತೆಗೆದ ಫೋಟೋ.

"ಇದರಿಂದಲೇ ಅಲ್ವಾ ಮೇಡಂ ನಾನು ಹೀಗಾಗಿದ್ದು?"

ವಿಷಯ ಇಷ್ಟು. ಬೀರುವಿನ ಕನ್ನಡಿ ಮೂಲೆಯಲ್ಲಿ ಅಂಟಿಸಿಟ್ಟಿದ್ದ ಒಂದು ದೊಡ್ಡ ಕೆಂಪು ಬಿಂದಿ ಹೆಂಡತಿ ಕಣ್ಣಿಗೆ ಬಿದ್ದಿದೆ. ಅವರು ಅಷ್ಟು ದೊಡ್ಡದು ಇಡುವುದಿಲ್ಲ. ಬೇರೆ ಹೆಂಗಸು ಮನೆಗೆ ಬಂದಿದ್ದಾಳೆ ಅಂದುಕೊಂಡು ಜಗಳ ತೆಗೆದರು. ಆತ ನಿಜ ಹೇಳಿದರು: ಹನ್ನೊಂದನೇ ವಯಸ್ಸಿನಿಂದ, ಯಾರೂ ಇಲ್ಲದಾಗ, ಸೀರೆ ಉಡುತ್ತೇನೆ. ಆಕೆಗೆ ಅದು ಇನ್ನೂ ದೊಡ್ಡ ಪೆಟ್ಟಾಯಿತು. ಆತನ ತಲೆಯಲ್ಲಿ ಮೂರು ಪ್ರಶ್ನೆ: ನಾನು ಟ್ರಾನ್ಸ್‌ಜೆಂಡರಾ? ಆಪರೇಷನ್ ಮಾಡಿಸಬೇಕಾ? ಮಗನಿಗೂ ಬರುತ್ತಾ?

ಮೊದಲು ಫೋಟೋ ವಿಷಯ ಮಾತಾಡಿದೆವು. ನಮ್ಮಣ್ಣನದೂ ಇಂಥದೇ ಫೋಟೋ ಇದೆ, ನಮ್ಮ ಕಡೆ ಎಷ್ಟು ಮನೆಗಳ ಆಲ್ಬಮ್‌ನಲ್ಲಿ ಇಲ್ಲ ಹೇಳಿ! ಆ ಹುಡುಗರೆಲ್ಲ ಸೀರೆ ಉಡಲಿಲ್ಲವಲ್ಲ. ಅಮ್ಮನ ಮೇಲೆ ಇಷ್ಟು ವರ್ಷ ಹೊತ್ತ ಸಿಟ್ಟನ್ನು ಇಲ್ಲೇ ಇಳಿಸಿ ಅಂದೆ. ಆತ ಬಹಳ ಹೊತ್ತು ಅತ್ತರು.

ಆಮೇಲೆ ಕೇಳಿದೆ, "ಸೀರೆ ಬಿಚ್ಚಿಟ್ಟ ಮೇಲೆ ನೀವು ಯಾರು?" ತಡಮಾಡದೆ ಹೇಳಿದರು, "ನಾನೇ. ನನ್ನ ಮಗನ ಅಪ್ಪ. ಸೀರೆಯಲ್ಲಿದ್ದಾಗ ಎದೆ ಹಗುರ ಆಗುತ್ತೆ, ಅಷ್ಟೇ." ಇದೇ ಪ್ರಶ್ನೆಗೆ ಕೆಲವು ವರ್ಷದ ಹಿಂದೆ ಇನ್ನೊಬ್ಬರು, ಪ್ಯಾಂಟು ಶರ್ಟಿನಲ್ಲೇ ಕೂತು, "ಏನು ಹಾಕಿಕೊಂಡ್ರೂ ನಾನು ಹೆಣ್ಣೇ, ಈ ಗಡ್ಡ ನೋಡಿದ್ರೆ ಬೇರೆಯವರ ಮುಖ ನೋಡಿದ ಹಾಗಾಗುತ್ತೆ" ಅಂದಿದ್ದರು. ಒಬ್ಬರದು ಬಟ್ಟೆಯ ಮಾತು, ಇನ್ನೊಬ್ಬರದು ತಾನು ಯಾರು ಅನ್ನುವ ಮಾತು. ಆದರೆ ಮೊದಲು ಬಟ್ಟೆ ಅಂದುಕೊಂಡು, ನಲವತ್ತು ದಾಟಿದ ಮೇಲೆ ತಾನು ಹೆಣ್ಣೇ ಅಂತ ಅರಿತವರೂ ಇದ್ದಾರೆ. ಅದಕ್ಕೇ ಈಗಲೇ ಹೆಸರು ಅಂಟಿಸಿಕೊಳ್ಳಬೇಡಿ ಅಂದೆ.

ಕಾರಣ ಏನು ಅಂತ ಬಿಡದೆ ಕೇಳಿದರು. ಒಂದೇ ಕಾರಣ ಯಾರೂ ತೋರಿಸಿಲ್ಲ. ಗರ್ಭದಲ್ಲಿ ಮೊದಲ ತಿಂಗಳುಗಳಲ್ಲಿ ಜನನಾಂಗ ರೂಪುಗೊಳ್ಳುತ್ತದೆ, ಹಾರ್ಮೋನು ಮಿದುಳಿನ ಮೇಲೆ ಕೆಲಸ ಮಾಡುವುದು ಹೆಚ್ಚಾಗಿ ಆಮೇಲೆ. ಹಾಗಾಗಿ ಎರಡೂ ಬೇರೆ ಬೇರೆ ದಾರಿ ಹಿಡಿಯಬಹುದು ಅನ್ನುತ್ತಾರೆ ಕೆಲವು ವಿಜ್ಞಾನಿಗಳು. 1995ರಲ್ಲಿ ನೆದರ್ಲೆಂಡ್ಸ್‌ನವರು 6 ಟ್ರಾನ್ಸ್ ಮಹಿಳೆಯರ (ಗಂಡಾಗಿ ಹುಟ್ಟಿ, ತಾನು ಹೆಣ್ಣು ಅಂತ ಅರಿತವರ) ಮಿದುಳು ಪರೀಕ್ಷಿಸಿ, ಅದರ ಒಂದು ಸಣ್ಣ ಭಾಗ ಹೆಂಗಸರದ್ದರ ಗಾತ್ರದಲ್ಲೇ ಇದೆ ಅಂದರು. ಆದರೆ ಆ ಭಾಗದಲ್ಲಿ ಗಂಡು ಹೆಣ್ಣಿನ ವ್ಯತ್ಯಾಸ ಕಾಣುವುದೇ ದೊಡ್ಡವರಾದ ಮೇಲೆ ಅಂತ 2002ರಲ್ಲಿ ಗೊತ್ತಾಯಿತು. ಹಾಗಾಗಿ ಅದು ಗರ್ಭದಲ್ಲೇ ಆದದ್ದು ಅಂತ ಖಚಿತವಾಗಿ ಹೇಳುವಂತಿಲ್ಲ. 2012ರ ಇನ್ನೊಂದು ಅಧ್ಯಯನ ನೋಡಿ. ಒಬ್ಬರಾದರೂ ಟ್ರಾನ್ಸ್ ಆಗಿದ್ದ 23 ಏಕರೂಪಿ ಅವಳಿ (ವಂಶವಾಹಿ ಒಂದೇ ಆಗಿರುವ) ಜೋಡಿಗಳಲ್ಲಿ ಇಬ್ಬರೂ ಟ್ರಾನ್ಸ್ ಆಗಿದ್ದದ್ದು 9 ಜೋಡಿ. ವಂಶವಾಹಿಗೆ ಪಾತ್ರ ಇರಬಹುದು, ಆದರೆ ಎಲ್ಲವೂ ಅದೇ ಆಗಿದ್ದರೆ 23ಕ್ಕೆ 23 ಆಗಬೇಕಿತ್ತು ಅಲ್ವಾ? ಇದು ಟ್ರಾನ್ಸ್ ಜನರ ಲೆಕ್ಕ, ಆದರೂ ಮಗನ ಪ್ರಶ್ನೆಗೆ ಇದರಲ್ಲಿ ಸುಳಿವಿದೆ: ಬಂದೇ ಬರುತ್ತೆ ಅನ್ನುವಂತಿಲ್ಲ, ಸುಮ್ನೆ ಅವನನ್ನು ಕಾವಲು ಕಾಯಬೇಡಿ.

ಸಮಾಜದ ಪಾಲು ಬೇರೆ ಥರದ್ದು. ಒಳಗಿನದ್ದು ಯಾವ ರೂಪದಲ್ಲಿ ಹೊರಗೆ ಬರುತ್ತದೆ ಅನ್ನುವುದನ್ನು ಜಾಸ್ತಿ ನಿರ್ಧರಿಸುವುದು ಊರು. ಸವದತ್ತಿ ಎಲ್ಲಮ್ಮನ ಹೆಸರಲ್ಲಿ ಮುತ್ತು ಕಟ್ಟಿಸಿಕೊಂಡು, ದೇವಿಗೆ ಮುಡಿಪಾಗಿ ಸೀರೆ ಉಡುವ ಜೋಗಪ್ಪನಿಗೆ ಒಂದು ಹೆಸರಿದೆ, ಹಾಡಿದೆ, ಜೊತೆಗೆ ಜನ ಇದ್ದಾರೆ. ಟ್ರಾನ್ಸ್ ಮಹಿಳೆ ಜೋಗತಿ ಮಂಜಮ್ಮನವರು ಜೋಗತಿ ನೃತ್ಯದ ಕಲೆಯಿಂದಲೇ ಪದ್ಮಶ್ರೀವರೆಗೆ ಬಂದರು. (ಬಡತನ, ಅವಮಾನವನ್ನೂ ಅದೇ ಊರು ಕೊಟ್ಟಿತು, ಅದನ್ನು ಮರೆಯಬಾರದು.) ಯಕ್ಷಗಾನದಲ್ಲಿ ಸ್ತ್ರೀವೇಷ ಕಟ್ಟುವ ಗಂಡಸಿಗೆ ಚಪ್ಪಾಳೆ ಸಿಗುತ್ತದೆ. ಸಂಸಾರಸ್ಥನಾಗಿ, ಆಫೀಸಿಗೆ ಹೋಗಿಬರುತ್ತಾ, ಎಲ್ಲೋ ಒಂದು ಗಂಟೆ ಸೀರೆ ಉಡಬೇಕು ಅನ್ನಿಸುವವನಿಗೆ ಮಾತ್ರ ನಮ್ಮಲ್ಲಿ ಚಿಲಕ ಹಾಕಿದ ಕೋಣೆ ಬಿಟ್ಟರೆ ಏನೂ ಇಲ್ಲ.

ನಾನು ಕೊಟ್ಟ ಸಲಹೆ ಹೇಳುತ್ತೇನೆ. ಇದು ರೋಗ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2022ರಿಂದ ಜಾರಿಗೆ ಬಂದ ರೋಗಪಟ್ಟಿಯ ಪ್ರಕಾರ ಟ್ರಾನ್ಸ್ ಆಗಿರುವುದು ಮಾನಸಿಕ ಕಾಯಿಲೆಯಲ್ಲ, ಬೇರೆ ಲಿಂಗದವರ ಬಟ್ಟೆ ತೊಡುವುದೂ ಅಲ್ಲ. ಬಿಡಿಸುತ್ತೇವೆ ಅನ್ನುವವರ ಹತ್ತಿರ ದುಡ್ಡು ಕಳೆಯಬೇಡಿ. ಮೆಡಿಕಲ್ ಶಾಪಿನಿಂದ ನೀವೇ ಹಾರ್ಮೋನು ಮಾತ್ರೆ ತಂದು ನುಂಗಲೇಬೇಡಿ. ಬಟ್ಟೆ ಸುಡಬೇಡಿ, ಈಗಾಗಲೇ ಎರಡು ಸಲ ಸುಟ್ಟು ಮತ್ತೆ ಕೊಂಡಿದ್ದೀರಿ. ಹೆಂಡತಿಯ ಸೀರೆ ಮುಟ್ಟಬೇಡಿ, ನಿಮ್ಮದೇ ಇಟ್ಟುಕೊಳ್ಳಿ. ಮುಖ್ಯವಾಗಿ, ಆಕೆಯ ಸಿಟ್ಟಿಗೆ ಜಾಗ ಕೊಡಿ. ಎಂಟು ವರ್ಷ ಮುಚ್ಚಿಟ್ಟಿದ್ದಕ್ಕೆ ಬಂದ ಸಿಟ್ಟು ಅದು, ನ್ಯಾಯವಾದದ್ದು.

ಆಕೆ ಬೇರೆ ದಿನ ಒಬ್ಬರೇ ಬಂದರು. ಒಂದೇ ಕೇಳಿದರು: "ನನ್ನಲ್ಲಿ ಏನಾದ್ರೂ ಕಮ್ಮಿ ಇತ್ತಾ?" ನೀವು ಸಿಗುವ ಮೊದಲೇ, ಹನ್ನೊಂದನೇ ವಯಸ್ಸಿನಲ್ಲೇ ಶುರುವಾದದ್ದು ಇದು ಅಂದೆ. ಇದನ್ನು ಒಪ್ಪಲೇಬೇಕು ಅಂತ ನಿಮಗೆ ಯಾರೂ ಹೇಳುವ ಹಾಗಿಲ್ಲ, ಅಂತಲೂ ಹೇಳಿದೆ.

ಈಗ ಮನೆಗೆ ವಾಪಸ್ ಬಂದಿದ್ದಾರೆ. ಮಗ ಎದ್ದಿರುವಾಗ ಬೇಡ, ತನ್ನ ಮುಂದೆಯೂ ಸದ್ಯಕ್ಕೆ ಬೇಡ ಅಂದಿದ್ದಾರೆ, ಆತ ಒಪ್ಪಿದ್ದಾರೆ. ಬೀರುವಿನ ಕೆಳಗಿನ ಖಾನೆ ಆತನದು. ಅದರ ಕೀಲಿ ಇಬ್ಬರ ಹತ್ತಿರವೂ ಇದೆ.