ಬಟ್ಟೆ ಮೂಟೆ ಕಟ್ಟುವ ಮುಂಚೆ ಅಲ್ಲಿನ ಹೆಂಗಸರನ್ನು ಕೇಳಿ

ಪ್ರಶ್ನೆ: ಎಲ್ಲಾದರೂ ದೊಡ್ಡ ಭೂಕಂಪ ಆಯಿತು ಅಂದರೆ ನಮ್ಮ ಮಹಿಳಾ ಸಂಘದಿಂದ ಬಟ್ಟೆ, ಮಕ್ಕಳ ಹಾಲಿನ ಪುಡಿ ಕೂಡಿಸಿ ಕಳಿಸುತ್ತೇವೆ. ಅದು ನಿಜಕ್ಕೂ ಉಪಯೋಗಕ್ಕೆ ಬರುತ್ತದಾ? ಇನ್ನೊಂದು, ಹೆಂಗಸರಿಗೆ ಅಂತ ಬೇರೆಯೇ ನೆರವು ಬೇಕು ಅಂತಾರೆ. ಮನೆ ಬಿದ್ದ ಮೇಲೆ ಎಲ್ಲರ ಕಷ್ಟವೂ ಒಂದೇ ಅಲ್ವಾ?

ಉತ್ತರ: ಹಳೆ ಬಟ್ಟೆ ಕಳಿಸಬೇಡಿ. 2004ರ ಸುನಾಮಿ ಆದಮೇಲೆ ತಮಿಳುನಾಡಿನ ಕರಾವಳಿಯಲ್ಲಿ ಎಲ್ಲೆಲ್ಲಿಂದಲೋ ಬಂದ ಬಟ್ಟೆ ರಸ್ತೆ ಬದಿ ರಾಶಿ ಬಿದ್ದಿತ್ತು. ಮುಟ್ಟುವವರಿರಲಿಲ್ಲ. ಮನೆ ಕಳಕೊಂಡವರಿಗೂ ಮಾನ ಇರುತ್ತದೆ ಅನ್ನೋದನ್ನ ನಾವು ಮರೆತುಬಿಡುತ್ತೇವೆ. ಹಾಲಿನ ಪುಡಿಯಂತೂ ಅಪಾಯ. ಶುದ್ಧ ನೀರಿಲ್ಲದ, ಬಾಟಲಿ ಕುದಿಸಲು ಒಲೆ ಇಲ್ಲದ ಕಡೆ ಕೂಸಿಗೆ ಭೇದಿ ಹಿಡಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್ ಎರಡೂ ಅದನ್ನು ದಾನವಾಗಿ ಕಳಿಸಬೇಡಿ ಎನ್ನುತ್ತವೆ. ಬಾಣಂತಿಗೆ ಹೊಟ್ಟೆ ತುಂಬ ಊಟ, ಕೂತು ಹಾಲೂಡಿಸಲು ಮರೆಯಾದ ಜಾಗ ಸಿಕ್ಕರೆ ಹೆಚ್ಚಿನ ಕೂಸುಗಳಿಗೆ ಅಷ್ಟೇ ಸಾಕು.

ಕಷ್ಟ ಎಲ್ಲರದ್ದೂ ಒಂದೇ ಅಲ್ಲ. ಡೇರೆಗಳ ಸಾಲಿನಲ್ಲಿ ಶೌಚಾಲಯ ದೂರ ಇದೆ, ದೀಪ ಇಲ್ಲ, ಬಾಗಿಲಿಗೆ ಒಳಗಿನಿಂದ ಚಿಲಕ ಇಲ್ಲ ಅಂದುಕೊಳ್ಳಿ. ಗಂಡಸರು ಹೇಗೋ ನಿಭಾಯಿಸುತ್ತಾರೆ. ಹೆಂಗಸರು ರಾತ್ರಿ ಹೋಗೋದು ತಪ್ಪಲಿ ಅಂತ ಸಂಜೆಯಿಂದಲೇ ನೀರು ಕುಡಿಯೋದು ಬಿಡುತ್ತಾರೆ. ಉರಿಮೂತ್ರ ಶುರುವಾಗುತ್ತದೆ. ಮುಟ್ಟಿನ ಬಟ್ಟೆ ಒಗೆಯೋದೆಲ್ಲಿ, ಒಣಗಿಸೋದೆಲ್ಲಿ? ಪ್ಯಾಡ್ ಕೊಟ್ಟವರು ಒಳಚಡ್ಡಿ, ಸಾಬೂನು, ಬಕೆಟ್ ಕೊಡೋದನ್ನ ಮರೆತಿರುತ್ತಾರೆ. ಏನೇನು ಬೇಕು ಅಂತ ಪಟ್ಟಿ ಬರೆಯುವ ಜಾಗದಲ್ಲಿ ಒಬ್ಬಳು ಹೆಂಗಸು ಕೂತಿದ್ದರೆ ಇದೆಲ್ಲ ಮೊದಲ ದಿನವೇ ಬರುತ್ತಿತ್ತು. ಗಂಡಸು ಅಧಿಕಾರಿಯ ಮುಂದೆ ಯಾರೂ ಇದನ್ನು ಬಾಯಿಬಿಟ್ಟು ಹೇಳೋದಿಲ್ಲ.

ಇನ್ನೂ ದೊಡ್ಡ ತೊಡಕು ಕಾಗದ ಪತ್ರದ್ದು. 2015ರ ಏಪ್ರಿಲ್ 25ರಂದು ನೇಪಾಳದಲ್ಲಿ 7.8 ತೀವ್ರತೆಯ ಭೂಕಂಪವಾಗಿ ಸುಮಾರು 9,000 ಜನ ಸತ್ತರು. ಮನೆ ಕಟ್ಟಿಕೊಳ್ಳಲು ಸರ್ಕಾರ 3 ಲಕ್ಷ ನೇಪಾಳಿ ರೂಪಾಯಿಯನ್ನು ಕಂತಿನಲ್ಲಿ ಕೊಟ್ಟಿತು. ಪಡೆಯಲು ಜಮೀನಿನ ದಾಖಲೆ ಬೇಕಿತ್ತು. ಜಮೀನು ಸಾಮಾನ್ಯವಾಗಿ ಗಂಡನ ಹೆಸರಲ್ಲೋ ಮಾವನ ಹೆಸರಲ್ಲೋ ಇರುತ್ತದೆ. ಎಷ್ಟೋ ಊರುಗಳ ಗಂಡಸರು ದುಡಿಯಲು ಕೊಲ್ಲಿ ದೇಶಗಳಿಗೆ, ಮಲೇಷ್ಯಾಕ್ಕೆ ಹೋಗಿದ್ದರು. ಮನೆ, ದನ, ಮಕ್ಕಳು, ಅತ್ತೆಮಾವ ಎಲ್ಲ ಊರಲ್ಲುಳಿದ ಹೆಂಡತಿಯ ತಲೆ ಮೇಲೆ. ಸಹಿ ಮಾತ್ರ ಅವಳದ್ದು ನಡೆಯೋದಿಲ್ಲ. ಅವಳ ಜೊತೆ ಕಚೇರಿಗೆ ಹೋಗಿ ಅರ್ಜಿ ಬರೆದುಕೊಡುವವರು ಬೇಕು. ನನ್ನ ಪ್ರಕಾರ ಇದು ಕಂಬಳಿಗಿಂತ ದೊಡ್ಡ ನೆರವು.

ಹೆಂಗಸರು ಬರೀ ಕೈಚಾಚುವವರು ಅಂತ ಅಂದುಕೊಳ್ಳಬೇಡಿ. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಮಹಾರಾಷ್ಟ್ರದ ಕಿಲ್ಲಾರಿ ಸುತ್ತಮುತ್ತ ಭೂಮಿ ನಡುಗಿತು. ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲಿನ ಗೋಡೆ, ಮೇಲೆ ಭಾರದ ಮಣ್ಣಿನ ಮಾಳಿಗೆ. ಮಲಗಿದ್ದವರ ಮೇಲೇ ಕುಸಿಯಿತು. ಸಾವಿರಾರು ಜನ ಹೋದರು. ಆಮೇಲೆ ಲಾತೂರ್, ಉಸ್ಮಾನಾಬಾದ್ ಜಿಲ್ಲೆಗಳಲ್ಲಿ ಉಳಿದ ಮನೆಗಳನ್ನು ಗಟ್ಟಿ ಮಾಡುವ ಕೆಲಸ ಶುರುವಾದಾಗ, ಸ್ವಯಂ ಶಿಕ್ಷಣ ಪ್ರಯೋಗ್ ಎಂಬ ಸಂಸ್ಥೆಯ ಮೂಲಕ ಹಳ್ಳಿಯ ಹೆಂಗಸರನ್ನೇ ‘ಸಂವಾದ ಸಹಾಯಕ್’ ಅಂತ ನೇಮಿಸಿದರು. ಗೋಡೆ ಹೇಗೆ ಗಟ್ಟಿ ಮಾಡಬೇಕು ಅಂತ ಅವರು ಕಲಿತರು. ಮನೆಮನೆಗೆ ಹೋಗಿ ತಿಳಿಸಿ ಹೇಳಿದರು. ಜನರ ದೂರನ್ನು ಎಂಜಿನಿಯರ್‌ಗಳವರೆಗೆ ಒಯ್ದರು. 2001ರಲ್ಲಿ ಕಚ್ಛ್ ನಡುಗಿದಾಗ ಲಾತೂರಿನ ಹೆಂಗಸರೇ ಗುಜರಾತಿಗೆ ಹೋಗಿ ಅಲ್ಲಿನವರಿಗೆ ತಾವು ಕಲಿತದ್ದನ್ನು ಹೇಳಿಕೊಟ್ಟರು. ಕನ್ಸಲ್ಟೆಂಟುಗಳು ಕೊಡುವ ತರಬೇತಿಗಿಂತ ಇದು ಹೆಚ್ಚು ನಾಟುತ್ತದೆ, ಅಲ್ವಾ?

ಹಾಗಾದರೆ ನೀವೇನು ಮಾಡಬೇಕು? ಭೂಕಂಪ ಆದ ಪ್ರದೇಶದಲ್ಲಿ ಮೊದಲಿನಿಂದಲೂ ಕೆಲಸ ಮಾಡುತ್ತಿರುವ ಮಹಿಳಾ ಸಂಘಟನೆ ಯಾವುದು ಅಂತ ಹುಡುಕಿ. ಏನು ಬೇಕು ಅಂತ ಅವರನ್ನೇ ಕೇಳಿ. ಆದಷ್ಟೂ ಹಣವನ್ನೇ ಕಳಿಸಿ. ಸಾಮಾನು ಹತ್ತಿರದ ಪೇಟೆಯಲ್ಲೇ ಕೊಂಡರೆ ಲಾರಿ ಬಾಡಿಗೆ ಉಳಿಯುತ್ತದೆ, ಅಲ್ಲಿನ ಅಂಗಡಿಯವರಿಗೂ ವ್ಯಾಪಾರ ಆಗುತ್ತದೆ. ಕೂಡಿಸಿದ್ದನ್ನೆಲ್ಲ ಮೊದಲ ವಾರವೇ ಖಾಲಿ ಮಾಡಬೇಡಿ. ಆಗ ಎಲ್ಲರೂ ಕಳಿಸುತ್ತಿರುತ್ತಾರೆ. ಅರ್ಧ ಎತ್ತಿಟ್ಟು ಆರು ತಿಂಗಳ ಮೇಲೆ ಇನ್ನೊಮ್ಮೆ ವಿಚಾರಿಸಿ. ಆ ಹೊತ್ತಿಗೆ ಕ್ಯಾಮೆರಾದವರು ಹೋಗಿರುತ್ತಾರೆ. ಹೊಲಿಗೆ ಯಂತ್ರ ಬೇಕು, ಕಚೇರಿ ಅಲೆಯಲು ಬಸ್ ಚಾರ್ಜು ಬೇಕು, ಹೊಸ ಮನೆಯ ಪತ್ರದಲ್ಲಿ ಹೆಂಡತಿಯ ಹೆಸರೂ ಸೇರಿಸಲು ವಕೀಲರು ಬೇಕು ಅನ್ನೋದು ಆಗಲೇ ಗೊತ್ತಾಗೋದು.