ತವರಿಗೆ ಹೊರಡುವ ಮುನ್ನ

ಪ್ರಶ್ನೆ: ನನಗೀಗ 35ನೇ ವಾರ. ಚೊಚ್ಚಲ ಹೆರಿಗೆಗೆ ಬೆಳಗಾವಿಯಿಂದ ಜಮಖಂಡಿ ಹತ್ತಿರದ ತವರಿಗೆ ಹೋಗಲಿದ್ದೇನೆ. ಸಂಜೆ ಹೊಟ್ಟೆ ಬಿಗಿದು ಸಡಿಲಗೊಳ್ಳುತ್ತದೆ, ಪಾದಗಳು ಊದುತ್ತವೆ. ಇದು ಸಹಜವೇ?
– ಓದುಗರು, ಬೆಳಗಾವಿ

ಉತ್ತರ: ನೀರು ಕುಡಿದು, ಎಡಮಗ್ಗುಲಿಗೆ ಮಲಗಿದಾಗ ಕಡಿಮೆಯಾಗುವ ಅನಿಯಮಿತ ಬಿಗಿತವು ಗರ್ಭಕೋಶದ ಪೂರ್ವಾಭ್ಯಾಸವಷ್ಟೇ. ನಿಜವಾದ ಹೆರಿಗೆ ನೋವು ವಿಶ್ರಾಂತಿಗೆ ಜಗ್ಗದೆ, ಅಂತರ ಕಿರಿದಾಗುತ್ತ, ಪ್ರತಿಸಲವೂ ಬಲವಾಗುತ್ತದೆ. 37 ವಾರ ತುಂಬುವ ಮೊದಲೇ ಹಾಗಾದರೆ ಕಾಯದೆ ಆಸ್ಪತ್ರೆಗೆ ಹೋಗಿ.

ಸಂಜೆಯ ಪಾದದ ಊತ ಬಹುತೇಕರಲ್ಲಿ ಸಹಜ. ಆದರೆ ಮುಖ, ಕೈಗಳು ಒಮ್ಮೆಲೇ ಊದಿದರೆ, ತೀವ್ರ ತಲೆನೋವು ಬಂದರೆ, ಕಣ್ಣು ಮಂಜಾದರೆ ಅಥವಾ ಪಕ್ಕೆಲುಬಿನ ಕೆಳಗೆ ನೋವು ಕಾಣಿಸಿದರೆ, ಅದು ರಕ್ತದೊತ್ತಡ ಏರಿರುವುದರ ಸೂಚನೆಯಾಗಿರಬಹುದಾದ್ದರಿಂದ, ಅದೇ ದಿನ ಪರೀಕ್ಷೆ ಆಗಲೇಬೇಕು. 140/90 ಅಥವಾ ಅದಕ್ಕಿಂತ ಹೆಚ್ಚಿನ ಒತ್ತಡವನ್ನು 'ಬಸಿರಿನಲ್ಲಿ ಇದೆಲ್ಲ ಇದ್ದದ್ದೇ' ಎಂದು ಹಿರಿಯರು ಹೇಳಿದರೂ ದಯವಿಟ್ಟು ಕಡೆಗಣಿಸಬೇಡಿ. ಮಗುವಿನ ಚಲನೆ ತಗ್ಗುವುದು, ನೀರು ಅಥವಾ ರಕ್ತ ಹೋಗುವುದು ಕೂಡ ಅಷ್ಟೇ ತುರ್ತಿನವು.

ಪ್ರಯಾಣಕ್ಕೆ ಮುನ್ನ ವೈದ್ಯರ ಒಪ್ಪಿಗೆ ಪಡೆಯಿರಿ. ತಾಯಿ ಕಾರ್ಡ್, ಸ್ಕ್ಯಾನಿಂಗ್ ಹಾಗೂ ರಕ್ತದ ವರದಿಗಳು ನಿಮ್ಮ ಕೈಚೀಲದಲ್ಲೇ ಇರಲಿ. ತವರು ತಲುಪಿದೊಡನೆ ಆಶಾ ಕಾರ್ಯಕರ್ತೆಗೆ ತಿಳಿಸಿ, ಹೆರಿಗೆಯಾಗುವ ಆಸ್ಪತ್ರೆಯಲ್ಲಿ ಒಮ್ಮೆ ತಪಾಸಣೆ ಮಾಡಿಸಿಕೊಳ್ಳಿ. ಸೀಮಂತದ ಸಿದ್ಧತೆಗಿಂತ ಇದು ಮೊದಲು. ರಾತ್ರಿ ಸಿಗುವ ವಾಹನವನ್ನು ಈಗಲೇ ಗೊತ್ತುಪಡಿಸಿ, 108 ಸಂಖ್ಯೆಯನ್ನು ಮನೆಯವರೆಲ್ಲರಿಗೂ ತಿಳಿಸಿಡಿ.